ದಿನದ ಬೈಬಲ್ ಓದು ನಿಂತಿದೆಯೇ? ಮೊದಲು ರಿಬ್ಬನ್ ಎಲ್ಲಿದೆ ನೋಡಿ

ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನೆ ಮುಗಿಸಿ, ವಾಗ್ದಾನದ ಕಾರ್ಡು ಕೈಯಲ್ಲಿ ಹಿಡಿದು ಹೊರಗೆ ಬರುವಾಗ ನಮ್ಮ ಸಭೆಯ ಅಂಗಳದಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಈ ವರ್ಷ ಏನಾದರಾಗಲಿ, ಸತ್ಯವೇದ ಪೂರ್ತಿ ಓದಿ ಮುಗಿಸ್ತೀನಿ." ಹೇಳುವವರು ಮನಸ್ಸಿಟ್ಟೇ ಹೇಳುತ್ತಾರೆ. ಮೂರು ವಾರ ಓದುತ್ತಾರೆ ಕೂಡ. ಈಸ್ಟರಿಗೆ ಮುಂಚಿನ ಲೆಂತ್ ಕಾಲ ಹತ್ತಿರವಾಗುವ ಹೊತ್ತಿಗೆ ಅದೇ ಜನ ತಲೆ ತಗ್ಗಿಸಿ, "ನನ್ನ ಭಕ್ತಿ ಸಾಲದು ಅಣ್ಣ" ಅನ್ನುತ್ತಾರೆ.

ನಾನು ತುಮಕೂರಿನ ಸುತ್ತಮುತ್ತ ಕೊಳವೆಬಾವಿ ಮೋಟಾರು ರಿಪೇರಿ ಮಾಡಿಕೊಂಡು ಬದುಕಿದವನು. ನೀರು ನಿಂತ ತಕ್ಷಣ ಮೋಟಾರು ಸುಟ್ಟಿದೆ ಎಂದುಕೊಂಡು, ಸಾಲ ಮಾಡಿ ಪೈಪು ಎತ್ತಿಸಿದ ರೈತರನ್ನು ನೋಡಿದ್ದೇನೆ. ಎಲ್ಲವನ್ನೂ ಮೇಲೆ ತಂದ ಮೇಲೆ ಗೊತ್ತಾಗುತ್ತದೆ, ಹೋಗಿದ್ದು ಸ್ಟಾರ್ಟರ್ ಡಬ್ಬಿಯ ಒಂದು ಫ್ಯೂಸು. ಓದು ನಿಂತ ಕೂಡಲೇ 'ನನ್ನ ನಂಬಿಕೆಯೇ ಸರಿಯಿಲ್ಲ' ಎಂದು ಹೇಳಿಕೊಳ್ಳುವುದೂ ಹಾಗೇ ಪೈಪು ಎತ್ತಿಸಿದಂತೆ. ಸಭೆಯಲ್ಲಿ ಹಲವರ ಜೊತೆ ಕೂತು ವಿಚಾರಿಸಿದ್ದೇನೆ. ಬಹುಪಾಲು ಸಲ ದೋಷ ಕೈಗೆಟುಕುವ ಜಾಗದಲ್ಲೇ ಇತ್ತು: ಆರಿಸಿಕೊಂಡ ದಾರಿ, ಓದುವ ಹೊತ್ತು, ಭಾಷೆ, ಬಾಕಿ. ಅದನ್ನು ಹುಡುಕುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲ ತಪಾಸಣೆ

ಬೈಬಲನ್ನು ಕೈಗೆತ್ತಿಕೊಳ್ಳಿ. ಜಿಪ್ ಕವರ್ ಇದ್ದರೆ ಒಳಗೆ ಗರಿಗಳ ಭಾನುವಾರದ ಒಣಗಿದ ಶಿಲುಬೆ, ಕಾಣಿಕೆಯ ಕವರು, ಯಾರದೋ ಮದುವೆಯ ಕರೆಯೋಲೆ ಇರುತ್ತವೆ. ಅವನ್ನೆಲ್ಲ ತೆಗೆದಿಟ್ಟು, ಪುಟದ ಗುರುತಿಗೆ ಇಟ್ಟ ರಿಬ್ಬನ್ ಯಾವ ಪುಟದಲ್ಲಿ ಸಿಕ್ಕಿಕೊಂಡಿದೆ ನೋಡಿ. ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವ ಪುಟದಲ್ಲಿ ನಿಂತಿತು? ಯಾವ ದಿನ ನಿಂತಿತು? ಆ ದಿನ ಮನೆಯಲ್ಲಿ ಏನು ನಡೆದಿತ್ತು?

ರಿಬ್ಬನ್ ವಿಮೋಚನಕಾಂಡದ ಕೊನೆಯ ಭಾಗದಲ್ಲೋ ಯಾಜಕಕಾಂಡದಲ್ಲೋ ಅರಣ್ಯಕಾಂಡದಲ್ಲೋ ನಿಂತಿದ್ದರೆ ದೋಷ ದಾರಿಯದು. ಮಾರ್ಕನ ಸುವಾರ್ತೆಯಂಥ ಸರಾಗವಾದ ಕಥೆಯ ನಡುವೆ ನಿಂತಿದ್ದರೆ ಪುಸ್ತಕದ ತಪ್ಪಿಲ್ಲ, ಹೊತ್ತು ಅಥವಾ ಜಾಗ ಕೈಕೊಟ್ಟಿದೆ. ಮದುವೆ, ಪರೀಕ್ಷೆ, ಆಸ್ಪತ್ರೆ, ಊರ ಪ್ರಯಾಣ ಇಂಥ ಒಂದು ದಿನದಿಂದ ನಿಂತಿದ್ದರೆ ಬಾಕಿಯ ಭಾರ ಹೆಗಲೇರಿದೆ. ರಿಬ್ಬನ್ ದಿನದಿನವೂ ಮುಂದಕ್ಕೆ ಹೋಗುತ್ತಿದ್ದೂ ಮನಸ್ಸಿನಲ್ಲಿ ಏನೂ ಉಳಿಯದಿದ್ದರೆ ಅದು ಬೇರೆಯೇ ದೋಷ, ಕೊನೆಯ ಕಡೆ ಬರುತ್ತೇನೆ.

ಯಾಜಕಕಾಂಡದಲ್ಲಿ ನಿಂತ ಓದು

ಅತಿ ಹೆಚ್ಚು ಕಂಡಿದ್ದು ಇದೇ. ಲೆಕ್ಕ ನೋಡಿದರೆ ಕಾರಣ ತಾನೇ ಕಾಣುತ್ತದೆ. ನಾವು ಓದುವ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. ವಾರದ ದಿನಗಳಲ್ಲಿ 3, ಭಾನುವಾರ 5 ಓದಿದರೆ ವಾರಕ್ಕೆ 23, ವರ್ಷದಲ್ಲಿ ಮುಗಿಯುತ್ತದೆ. ಆದಿಕಾಂಡದ 50 ಅಧ್ಯಾಯ ಹೊಳೆಯ ನೀರಿನಂತೆ ಹರಿದು ಹೋಗುತ್ತದೆ. ಅಬ್ರಹಾಮ, ಯಾಕೋಬ, ಯೋಸೇಫರ ಕಥೆಯನ್ನು ಓದದೆ ಬಿಡುವುದೇ ಕಷ್ಟ. ವಿಮೋಚನಕಾಂಡ 20ರವರೆಗೂ ಅದೇ ಓಟ. 25ನೇ ಅಧ್ಯಾಯದಿಂದ ದೇವದರ್ಶನದ ಗುಡಾರದ ಅಳತೆ, ಪರದೆ, ಬಳೆ, ಕೊಂಡಿ. 31ರವರೆಗೆ ಹೀಗೆ ಮಾಡು ಎಂಬ ಅಪ್ಪಣೆ, 35ರಿಂದ 40ರವರೆಗೆ ಹಾಗೆಯೇ ಮಾಡಿದರು ಎಂಬ ವರದಿ. ಜನವರಿಯ ಕೊನೆಯ ವಾರ ಯಾಜಕಕಾಂಡ ತೆರೆದುಕೊಳ್ಳುತ್ತದೆ, 27 ಅಧ್ಯಾಯ. ಅದರ ಹಿಂದೆಯೇ ಅರಣ್ಯಕಾಂಡದ 36. ಹೊಸ ವರ್ಷದ ಉತ್ಸಾಹ ಇಳಿಯುವ ಹೊತ್ತಿಗೇ ಅತಿ ಕಡಿದಾದ ಏರು ಎದುರಾಗುತ್ತದೆ. ಅಲ್ಲಿ ಏದುಸಿರು ಬಿಟ್ಟವರೆಲ್ಲ ಭಕ್ತಿ ಇಲ್ಲದವರಲ್ಲ.

ಪರಿಹಾರ: ಮೊದಲ ಸಲ ಓದುವವರು ಮೊದಲ ಪುಟದಿಂದ ಕೊನೆಯ ಪುಟಕ್ಕೆ ಹೋಗಬೇಡಿ. ಸತ್ಯವೇದ ಒಂದು ಪುಸ್ತಕದಂತೆ ಕಂಡರೂ ಪುಸ್ತಕಗಳ ಕಪಾಟು ಅದು. ಮಾರ್ಕನಿಂದ ಶುರು ಮಾಡಿ, 16 ಅಧ್ಯಾಯ, 16 ದಿನ. ಆಮೇಲೆ ಆದಿಕಾಂಡ, ವಿಮೋಚನಕಾಂಡದ ಮೊದಲ 20. ನಂತರ ಲೂಕ ಮತ್ತು ಅಪೊಸ್ತಲರ ಕೃತ್ಯಗಳು. ಒಬ್ಬನೇ ಬರೆದ ಒಂದೇ ಕಥೆಯ ಎರಡು ಭಾಗ, ಒಟ್ಟು 52 ಅಧ್ಯಾಯ. ಇಷ್ಟು ಆದ ಮೇಲೆ ಯಾಜಕಕಾಂಡಕ್ಕೆ ಬನ್ನಿ. ದಯವಿಟ್ಟು ಬನ್ನಿ, ಬಿಟ್ಟುಬಿಡಬೇಡಿ. ನನಗೆ ಈಗ ತುಂಬ ಪ್ರಿಯವಾದ ಪುಸ್ತಕಗಳಲ್ಲಿ ಅದೂ ಒಂದು.

ಓದುವಾಗ ಹೊಸ ಒಡಂಬಡಿಕೆಯಲ್ಲಿ ಒಂದು ಬೆರಳು ಇಟ್ಟುಕೊಳ್ಳಿ. ಹೆರಿಗೆಯಾದ ತಾಯಿ ಕುರಿಮರಿ ತರಬೇಕು, ಗತಿಯಿಲ್ಲದಿದ್ದರೆ ಎರಡು ಪಾರಿವಾಳದ ಮರಿ ಸಾಕು ಎನ್ನುತ್ತದೆ ಯಾಜಕಕಾಂಡ 12:8. ಅಲ್ಲಿಂದ ಲೂಕ 2:24ಕ್ಕೆ ಹಾರಿದರೆ, ಮರಿಯಳು ದೇವಾಲಯಕ್ಕೆ ಕೂಸನ್ನು ತಂದಾಗ ಕೊಟ್ಟದ್ದು ಹಕ್ಕಿಗಳ ಜೋಡಿ. ಯೇಸುಸ್ವಾಮಿಯ ಮನೆಯ ಬಡತನವನ್ನು ಲೂಕ ಬಾಯಿಬಿಟ್ಟು ಹೇಳುವುದಿಲ್ಲ, ಯಾಜಕಕಾಂಡ ಓದಿದವರಿಗೆ ಮಾತ್ರ ಕಾಣುತ್ತದೆ. ಹಕ್ಕಿಗೂ ಗತಿಯಿಲ್ಲದವನು ಒಂದಿಷ್ಟು ಹಿಟ್ಟು ತಂದರೂ ಆದೀತು ಎಂದು 5:11ರಲ್ಲಿದೆ. ಕುಷ್ಠ ವಾಸಿಯಾದವನಿಗೆ ಯೇಸು, ಯಾಜಕನಿಗೆ ತೋರಿಸಿಕೋ, ಮೋಶೆ ವಿಧಿಸಿದ್ದನ್ನು ಅರ್ಪಿಸು ಎಂದು ಹೇಳುತ್ತಾನಲ್ಲ, ಮಾರ್ಕ 1:44? ಆ ವಿಧಿ ಯಾಜಕಕಾಂಡ 14ರಲ್ಲಿದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಹುಟ್ಟಿದ್ದೇ ಯಾಜಕಕಾಂಡ 19:18ರಲ್ಲಿ. ಅದೇ ಅಧ್ಯಾಯದಲ್ಲಿ ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ನಿಯಮ. ಅದನ್ನು ಓದಿ ರೂತಳ ನಾಲ್ಕು ಅಧ್ಯಾಯ ಓದಿ, ಆ ನಿಯಮ ಒಬ್ಬ ವಿಧವೆಯ ಮನೆಯಲ್ಲಿ ಒಲೆ ಹೊತ್ತಿಸಿದ್ದು ಕಾಣುತ್ತದೆ. 25ರಲ್ಲಿ ಜೂಬಿಲಿ ಸಂವತ್ಸರ: ಕಷ್ಟಕ್ಕೆ ಮಾರಿದ ಹೊಲ 50ನೇ ವರ್ಷ ಮೂಲ ಕುಟುಂಬಕ್ಕೆ ವಾಪಸು. ಬರಗಾಲದಲ್ಲಿ ಜಮೀನು ಕೈಬಿಟ್ಟವರ ಮನೆಗಳಲ್ಲಿ ಈ ಅಧ್ಯಾಯ ಓದಿದ್ದೇನೆ, ಯಾರಿಗೂ ಬೇಸರವಾಗಲಿಲ್ಲ. 16ನೇ ಅಧ್ಯಾಯದ ದೋಷಪರಿಹಾರಕ ದಿನವನ್ನು ಇಬ್ರಿಯರಿಗೆ ಬರೆದ ಪತ್ರದ 9 ಮತ್ತು 10ರ ಜೊತೆ ಇಟ್ಟು ಓದಿ.

ಅರಣ್ಯಕಾಂಡ 7 ಎದುರಾದಾಗ ಹೆದರಬೇಡಿ. 89 ವಚನ, 12 ಕುಲಗಳ ಮುಖ್ಯಸ್ಥರು ಒಂದೇ ಬಗೆಯ ಕಾಣಿಕೆ ತರುತ್ತಾರೆ, 12 ಸಲವೂ ಪೂರ್ತಿ ಪಟ್ಟಿ ಇದೆ. ಮೊದಲನೆಯವನದು 12ರಿಂದ 17ನೇ ವಚನದವರೆಗೆ ಓದಿ, ಮಿಕ್ಕವರ ಹೆಸರುಗಳನ್ನು ಮಾತ್ರ ಗಟ್ಟಿಯಾಗಿ ಹೇಳಿ, 84ರಿಂದ ಒಟ್ಟು ಲೆಕ್ಕ ಓದಿದರೆ ಸಾಕು. ಮೊದಲ ಸಲಕ್ಕೆ ಅದು ಮೋಸವಲ್ಲ. ಒಂದು ಮಾತು ಸೇರಿಸುತ್ತೇನೆ: ಈ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ 'ಸಂಖ್ಯೆಗಳು' ಎಂದು ಹೆಸರು, ಹೀಬ್ರೂ ಹೆಸರಿನ ಅರ್ಥ 'ಅರಣ್ಯದಲ್ಲಿ'. ನಮ್ಮ ಕನ್ನಡದ ಹೆಸರು ಮೂಲಕ್ಕೇ ಹತ್ತಿರ. ಜನಗಣತಿಯ ಪುಸ್ತಕ ಎಂದುಕೊಂಡು ತೆರೆಯುವುದಕ್ಕೂ, ನಲವತ್ತು ವರ್ಷ ಕಾಡಿನಲ್ಲಿ ಅಲೆದವರ ಪುಸ್ತಕ ಎಂದುಕೊಂಡು ತೆರೆಯುವುದಕ್ಕೂ ವ್ಯತ್ಯಾಸವಿದೆ.

ಕಥೋಲಿಕ ಮನೆಗಳಲ್ಲಿ ಬೈಬಲನ್ನು ಶ್ರೀಗ್ರಂಥ ಎನ್ನುತ್ತಾರೆ, ಅದರಲ್ಲಿ ಪುಸ್ತಕಗಳು 73. ಅವರು ಹೊಸ ಪಟ್ಟಿ ಹುಡುಕಬೇಕಾಗಿಲ್ಲ. ಬಲಿಪೂಜೆಯ ವಾಚನಗಳು ಭಾನುವಾರಕ್ಕೆ ಮೂರು ವರ್ಷದ, ವಾರದ ದಿನಗಳಿಗೆ ಎರಡು ವರ್ಷದ ಸುತ್ತಿನಲ್ಲಿ ಆಗಲೇ ಸಿದ್ಧವಾಗಿವೆ. ದಿನದ ವಾಚನವನ್ನು ಹಿಂದಿನ ರಾತ್ರಿಯೇ ಓದಿಕೊಂಡರೆ ಮರುದಿನ ಚರ್ಚಿನಲ್ಲಿ ಕೇಳುವುದೇ ಬೇರೆಯಾಗುತ್ತದೆ.

ಭಾಷೆಯಲ್ಲಿ ಸಿಕ್ಕಿಬಿದ್ದ ಓದು

ಲಕ್ಷಣ: ಪುಸ್ತಕ ತೆರೆದ ಐದು ನಿಮಿಷಕ್ಕೆ ಕಣ್ಣು ಎಳೆಯುತ್ತದೆ, ಒಂದು ವಾಕ್ಯವನ್ನು ಮೂರು ಸಲ ಓದಬೇಕಾಗುತ್ತದೆ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕುಟುಂಬ ಪ್ರಾರ್ಥನೆಯಲ್ಲಿ 23ನೇ ಕೀರ್ತನೆ ಓದಿದಳು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಅರ್ಥ ಕೇಳಿದೆ. "ನನಗೆ ಕೊರತೆ ಬಂತು ಅಂತ" ಎಂದಳು. ತಪ್ಪು ಅವಳದಲ್ಲ. 'ಪಡೆನು' ಎಂಬಲ್ಲಿ 'ಇಲ್ಲ' ಎಂಬುದು ಕ್ರಿಯಾಪದದ ಹೊಟ್ಟೆಯೊಳಗೇ ಇದೆ, ಹಳೆಯ ಕನ್ನಡದ ನಿಷೇಧರೂಪ. ಮುಂದೆ 'ಹೆದರೆನು' ಎಂಬುದೂ ಹಾಗೇ. ಇಂದಿನ ಮಕ್ಕಳ ಕಿವಿಗೆ ಆ ರೂಪ ಬಿದ್ದೇ ಇಲ್ಲ. ಅವಳು ಅಷ್ಟು ವರ್ಷ ಕೀರ್ತನೆಯ ಅರ್ಥವನ್ನು ತಿರುವುಮುರುವಾಗಿ ಹಿಡಿದುಕೊಂಡಿದ್ದಳು, ನಮಗಾರಿಗೂ ಗೊತ್ತಾಗಿರಲಿಲ್ಲ ಎಂದು ತಿಳಿದಾಗ ನನಗೆ ತುಂಬ ನೋವಾಯಿತು.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂದಿತು. ಆಮೇಲೆ ಎಷ್ಟೋ ಕೈಗಳು ಅದನ್ನು ತಿದ್ದಿದವು. ನಮ್ಮ ಮನೆಗಳ ಹಳೆಯ ಸತ್ಯವೇದದ ಭಾಷೆಯಲ್ಲಿ ಆ ತಲೆಮಾರುಗಳ ಗಾಂಭೀರ್ಯವಿದೆ. ಕೀರ್ತನೆಗಳನ್ನು ನಾನು ಇಂದಿಗೂ ಅದರಲ್ಲೇ ಓದುತ್ತೇನೆ, ಬೇರೆ ಯಾವುದೂ ನನ್ನ ನಾಲಿಗೆಗೆ ಹತ್ತಲಿಲ್ಲ. ಆದರೆ ಪೌಲನ ಪತ್ರಗಳನ್ನು ಹೊಸಬರು ಅದರಲ್ಲೇ ಶುರು ಮಾಡಬೇಕೆಂಬ ಹಟ ಬೇಡ. ಸರಳ ಕನ್ನಡದ ಅನುವಾದಗಳು ಬಂದಿವೆ, ಒಂದನ್ನು ತೆಗೆದುಕೊಳ್ಳಿ. ಹಳೆಯದನ್ನು ಪಕ್ಕದಲ್ಲಿಡಿ.

ಪರೀಕ್ಷೆ ಹೀಗೆ: ಯಾಕೋಬನ ಪತ್ರದ ಮೊದಲ ಅಧ್ಯಾಯವನ್ನು ನಿಮ್ಮ ಬಳಿ ಇರುವ ಕನ್ನಡ ಬೈಬಲಿನಲ್ಲಿ ಗಟ್ಟಿಯಾಗಿ ಓದಿ, ಮುಚ್ಚಿ, ಅಡಿಗೆಮನೆಯಲ್ಲಿರುವವರಿಗೆ ನಿಮ್ಮ ಮಾತಿನಲ್ಲಿ ಹೇಳಿ. ಹೇಳಲಾಗದಿದ್ದರೆ ಮರುದಿನ ಅದೇ ಅಧ್ಯಾಯವನ್ನು ಬೇರೆ ಅನುವಾದದಲ್ಲಿ ಓದಿ ನೋಡಿ. ಇಂಗ್ಲಿಷಿನಲ್ಲಿ ಓದಿದರೆ ಹೆಚ್ಚು ಓದಿದಂತೆ ಎಂದುಕೊಂಡು, ಕನ್ನಡದಲ್ಲಿ ಅಳುವ ನಗುವ ಜನ ಇಂಗ್ಲಿಷ್ ಬೈಬಲ್ ಹಿಡಿದು ಒದ್ದಾಡುವುದೂ ಉಂಟು. ಬೆಂಗಳೂರಿನಲ್ಲಿ ಬೆಳೆದ, ಕನ್ನಡ ಅಕ್ಷರ ಕೂಡಿಸಿ ಓದುವ ಹುಡುಗರಿಗೆ ಇದರ ಉಲ್ಟಾ. ಅವರಿಗೆ ಕನ್ನಡದ ಧ್ವನಿಮುದ್ರಣ ಹಾಕಿ, ಪುಟದ ಮೇಲೆ ಬೆರಳು ಓಡಿಸಲು ಹೇಳಿ.

ಹೊತ್ತು, ಜಾಗ

'ಸಮಯ ಸಿಕ್ಕಾಗ ಓದುತ್ತೇನೆ' ಎಂದವರಿಗೆ ಸಮಯ ಸಿಕ್ಕಿದ್ದನ್ನು ನಾನು ಕಂಡಿಲ್ಲ. ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಓದನ್ನು ಕಟ್ಟಿ. ಹಾಲು ಒಲೆಯ ಮೇಲಿಟ್ಟು ಉಕ್ಕುವವರೆಗೆ ನಿಲ್ಲುತ್ತೀರಲ್ಲ, ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂರುತ್ತೀರಲ್ಲ, ಫ್ಯಾಕ್ಟರಿ ಬಸ್ಸಿನಲ್ಲಿ ಕಿಟಕಿ ಪಕ್ಕ ನಲವತ್ತು ನಿಮಿಷ ಇರುತ್ತೀರಲ್ಲ, ಅಲ್ಲಿಗೆ. ಬೆಳಗಿನ ಜಾವವೇ ಆಗಬೇಕೆಂಬ ಮಾತು ರಾತ್ರಿ ಪಾಳಿಯವರನ್ನು ಸುಮ್ಮನೆ ನೋಯಿಸುತ್ತದೆ. ಯೇಸು ನಸುಕಿನಲ್ಲಿ ಎದ್ದು ಪ್ರಾರ್ಥಿಸಿದ್ದು ನಿಜ, ಮಾರ್ಕ 1:35. ಹಾಸಿಗೆಯ ಮೇಲೆ ದೇವರನ್ನು ನೆನೆಯುವ ಕೀರ್ತನೆಯೂ ಅದೇ ಬೈಬಲಿನಲ್ಲಿದೆ, 63:6. ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮಲಗುವವನಿಗೆ ಅದೇ ರಾತ್ರಿ.

ಪುಸ್ತಕ ಎಲ್ಲಿದೆ ಎಂಬುದನ್ನೂ ನೋಡಿ. ಮದುವೆಯಲ್ಲಿ ಬಂದ ಬೈಬಲ್ ಶೋಕೇಸಿನ ಗಾಜಿನ ಹಿಂದೆ, ಮೇಲೊಂದು ಕಸೂತಿಯ ಬಟ್ಟೆ. ಗೌರವದಿಂದಲೇ ಹಾಗಿಟ್ಟಿದ್ದಾರೆ. ಆದರೂ ಬಾಗಿಲು ಎಳೆದು, ಬಟ್ಟೆ ತೆಗೆದು, ಜಿಪ್ ಬಿಚ್ಚುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. ದಿನದ ಓದಿಗೆ ಕವರಿಲ್ಲದ ಒಂದು ಸಾದಾ ಪ್ರತಿ ಕೈಗೆ ಸಿಗುವಲ್ಲಿರಲಿ. ಮೊಬೈಲಿನಲ್ಲಿ ಓದುವವರು ಮೊದಲು ಏರೋಪ್ಲೇನ್ ಮೋಡ್ ಒತ್ತಿ. ಪೇತ್ರ ನೀರಿನ ಮೇಲೆ ಕಾಲಿಡುವ ಹೊತ್ತಿಗೆ ವಾಟ್ಸ್‌ಆ್ಯಪ್ ಟಣ್ ಅಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಯಾರ ಕಣ್ಣಾದರೂ.

ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಹೊಸ ಅಭ್ಯಾಸಗಳನ್ನು 12 ವಾರ ಗಮನಿಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯದ ಅಂಕಿ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ಬೇಕೆಂಬ ಅಂದಾಜು. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂದು ಹೇಳಿ ಯಾರನ್ನೂ ನಿರಾಶೆಗೆ ತಳ್ಳಬೇಡಿ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವಿತ್ತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳುವಂಥ ಪೆಟ್ಟು ಬೀಳುವುದಿಲ್ಲ. ಪೆಟ್ಟು ಬೀಳುವುದು ತಪ್ಪಿದ ದಿನದ ಮರುದಿನ ನಾವು ಏನು ಮಾಡುತ್ತೇವೆ ಎಂಬುದರಿಂದ ಎಂದು ನನ್ನ ಅನುಭವ.

ಬಾಕಿ

ಒಂದು ಮಾರ್ಚ್ ತಿಂಗಳಲ್ಲಿ ನನ್ನ ತಾಯಿಗೆ ಕಾಯಿಲೆ ಜೋರಾಯಿತು. ಆಸ್ಪತ್ರೆಯ ವರಾಂಡದಲ್ಲಿ 19 ದಿನ. ಬೈಬಲ್ ಚೀಲದಲ್ಲೇ ಇತ್ತು, ತೆರೆಯಲಾಗಲಿಲ್ಲ. ಮನೆಗೆ ಬಂದು ಪಟ್ಟಿ ನೋಡಿದೆ: 61 ಅಧ್ಯಾಯ ಬಾಕಿ. ಭಾನುವಾರ ಮಧ್ಯಾಹ್ನ ಎಲ್ಲ ಮುಗಿಸುತ್ತೇನೆಂದು ಕೂತೆ. ಹದಿನಾಲ್ಕನೇ ಅಧ್ಯಾಯದ ಹೊತ್ತಿಗೆ ಅಕ್ಷರಗಳು ಇರುವೆಗಳಂತೆ ಓಡಾಡತೊಡಗಿದವು. ಮುಂದಿನ ಭಾನುವಾರ ನೋಡೋಣ ಎಂದೆ. ಅಷ್ಟರಲ್ಲಿ ಬಾಕಿ ಇನ್ನೂ ಬೆಳೆದಿತ್ತು. ಎಂಟು ತಿಂಗಳು ಬೈಬಲ್ ಮುಟ್ಟಲಿಲ್ಲ. ನನ್ನ ಓದನ್ನು ಕೊಂದಿದ್ದು ಆ 19 ದಿನಗಳಲ್ಲ, ಆ 61 ಎಂಬ ಅಂಕಿ.

ಮತ್ತೆ ಓದಲು ಶುರು ಮಾಡಿದಾಗ ವಿಮೋಚನಕಾಂಡ 16ರಲ್ಲಿ ನಿಂತೆ. ಅರಣ್ಯದಲ್ಲಿ ಜನ ಬೆಳಿಗ್ಗೆ ಎದ್ದು, ದೇವರು ಕೊಟ್ಟ ಆಹಾರ ನೆಲದ ಮೇಲಿದ್ದುದನ್ನು ನೋಡಿ 'ಇದೇನು' ಎಂದರು. ಮನ್ನ ಎಂಬ ಹೆಸರೇ ಆ ಪ್ರಶ್ನೆಯಿಂದ ಬಂತು. ಅಂದಂದಿನದನ್ನು ಅಂದಂದೇ ಕೂಡಿಸಿಕೊಳ್ಳಬೇಕು. ನಾಳೆಗೆ ಉಳಿಸಿಕೊಂಡವರದಕ್ಕೆ ಹುಳ ಬಿತ್ತು. ಸಬ್ಬತ್ ಎಂಬ ವಿಶ್ರಾಂತಿಯ ದಿನಕ್ಕಾಗಿ ಹಿಂದಿನ ದಿನ ಎರಡರಷ್ಟು ತಂದಿದ್ದು ಮಾತ್ರ ಕೆಡಲಿಲ್ಲ. ನಿನ್ನೆ ಹೆಕ್ಕದೆ ಬಿಟ್ಟಿದ್ದನ್ನು ಇವತ್ತು ಸೇರಿಸಿ ಹೆಕ್ಕಿ ಎಂದು ಆ ಅಧ್ಯಾಯದಲ್ಲಿ ಎಲ್ಲೂ ಹೇಳಿಲ್ಲ. ನಿನ್ನೆಯದು ಬಿಸಿಲೇರಿದಾಗ ಕರಗಿಹೋಯಿತು. ಇವತ್ತಿನದು ನೆಲದ ಮೇಲಿದೆ. ನಮ್ಮ ಕಡೆ ಸರ್ಕಾರ ಸಾಲ ಬಿಟ್ಟುಕೊಟ್ಟರೆ 'ಮನ್ನಾ ಆಯಿತು' ಅನ್ನುತ್ತೇವೆ. ಎರಡು ಪದಗಳಿಗೂ ನಂಟಿಲ್ಲದಿರಬಹುದು, ಆದರೆ ಆ ದಿನ ನನ್ನ ಕಿವಿಯಲ್ಲಿ ಎರಡೂ ಒಂದಾಗಿ ಕೇಳಿಸಿದವು. ಬಾಕಿ ಮನ್ನಾ, ಇವತ್ತಿನ ಮನ್ನ. ಪಟ್ಟಿಯ ಮೇಲಿದ್ದ ತಾರೀಖುಗಳನ್ನು ಕತ್ತರಿಯಿಂದ ಕತ್ತರಿಸಿ ಒಲೆಗೆ ಹಾಕಿದೆ.

ಈ ದೋಷ ಪದೇಪದೇ ಬರುವವರು ತಾರೀಖಿನ ಪಟ್ಟಿ ಇಟ್ಟುಕೊಳ್ಳಬೇಡಿ, ರಿಬ್ಬನ್ ಮಾತ್ರ ಇರಲಿ. ನಿಂತಲ್ಲಿಂದ ಮುಂದಕ್ಕೆ. ಒಂದು ವರ್ಷ ಬೇಡ, ಮೂರು ವರ್ಷ ಹಿಡಿಯಲಿ. ಅಥವಾ ಹೊಸ ಒಡಂಬಡಿಕೆ ಮಾತ್ರ ತೆಗೆದುಕೊಳ್ಳಿ: 260 ಅಧ್ಯಾಯ, ವಾರಕ್ಕೆ ಐದು ದಿನ ಒಂದೊಂದು, ಸರಿಯಾಗಿ 52 ವಾರ. ಎರಡು ದಿನ ಬಿಡುವು ಪಟ್ಟಿಯಲ್ಲೇ ಇರುವುದರಿಂದ ತಪ್ಪಿದ್ದಕ್ಕೆ ಜಾಗವಿದೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ. ತಾರೀಖು 14 ಆದರೆ 14ನೇ ಅಧ್ಯಾಯ, ಅಷ್ಟೇ. ಹದಿಮೂರನ್ನು ತಪ್ಪಿಸಿಕೊಂಡರೆ ಮುಂದಿನ ತಿಂಗಳು ಅದು ತಾನೇ ಬರುತ್ತದೆ.

ದಿನಕ್ಕೆ ನಾಲ್ಕು ಕಡೆ ಓದುವ ಪಟ್ಟಿಯೊಂದು ಹಲವು ಸಭೆಗಳಲ್ಲಿ ಬಳಕೆಯಲ್ಲಿದೆ. ಅದನ್ನು 1842ರಲ್ಲಿ ಸ್ಕಾಟ್ಲೆಂಡಿನ ಡಂಡಿ ಊರಿನ ಸಭಾಪಾಲಕ ರಾಬರ್ಟ್ ಮರ್ರಿ ಮೆಕ್‌ಚೇನ್ ತನ್ನ ಸಭೆಗಾಗಿ ಮಾಡಿದ. ಮರುವರ್ಷವೇ, 29ರ ವಯಸ್ಸಿನಲ್ಲಿ ತೀರಿಕೊಂಡ. ಆ ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಅವನು ಬರೆದಿದ್ದ: ಓದು ಬರಿಯ ಶಾಸ್ತ್ರವಾಗಬಹುದು, ಓದಿದೆನೆಂಬ ಹೆಮ್ಮೆ ಹುಟ್ಟಬಹುದು, ಹೊರಲಾರದ ನೊಗವಾಗಬಹುದು. ನೊಗವಾದರೆ ಕಳಚಿಡಿ, ಸ್ವತಂತ್ರವಾಗಿ ಮೇಯಿರಿ ಎಂಬುದು ಅವನ ಮಾತಿನ ಸಾರ. ನಮ್ಮಲ್ಲಿ ಪಟ್ಟಿಯನ್ನು ಹಂಚುವವರು ಆ ಎಚ್ಚರಿಕೆಯನ್ನೂ ಹಂಚಬೇಕಿತ್ತು.

ಓದು ನಡೆಯುತ್ತಿದೆ, ಒಳಗೆ ಇಳಿಯುತ್ತಿಲ್ಲ

ಗಾಜಾದ ದಾರಿಯಲ್ಲಿ ರಥದಲ್ಲಿ ಕೂತು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಗೆ ಫಿಲಿಪ್ಪ ಕೇಳಿದ್ದು ಒಂದೇ ಪ್ರಶ್ನೆ, ಓದುವುದು ಅರ್ಥವಾಗುತ್ತಿದೆಯೇ? ಯಾರಾದರೂ ದಾರಿ ತೋರಿಸದಿದ್ದರೆ ಹೇಗೆ ಎಂದ ಆತ, ನಾಚಿಕೊಳ್ಳದೆ. ಅಪೊಸ್ತಲರ ಕೃತ್ಯಗಳು 8. ಆತ ಓದುತ್ತಿದ್ದುದು ಫಿಲಿಪ್ಪನ ಕಿವಿಗೆ ಬಿತ್ತು ಎಂಬುದನ್ನೂ ಗಮನಿಸಿ. ಗಟ್ಟಿಯಾಗಿ ಓದುತ್ತಿದ್ದ. ಮೊದಲನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಎಂದು ನಾವು ಓದುವ ಕಡೆ ಹೀಬ್ರೂ ಪದ 'ಹಾಗಾ', ಗುನುಗುವುದು, ತುಟಿಯಲ್ಲಾಡಿಸಿ ಹೇಳಿಕೊಳ್ಳುವುದು. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಅದೇ ಪದ. ಮೌನವಾಗಿ ಕಣ್ಣಾಡಿಸುವುದನ್ನು ಒಂದು ವಾರ ನಿಲ್ಲಿಸಿ, ದನಿ ತೆಗೆದು ಓದಿ ನೋಡಿ. ನಾನು ಕೊಟ್ಟ ಸಲಹೆಗಳಲ್ಲಿ ಹೆಚ್ಚು ಜನಕ್ಕೆ ಫಲ ಕೊಟ್ಟಿದ್ದು ಇದು.

ಅಧ್ಯಾಯದ ಗೆರೆಯನ್ನು ನಂಬಬೇಡಿ. ಅಧ್ಯಾಯಗಳನ್ನು ವಿಂಗಡಿಸಿದ್ದು 13ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಧರ್ಮಪಂಡಿತ ಸ್ಟೀಫನ್ ಲ್ಯಾಂಗ್ಟನ್, ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆ ಹಾಕಿದ್ದು 1551ರಲ್ಲಿ ಮುದ್ರಕ ರಾಬರ್ ಎತಿಯೆನ್. ಬರೆದವರು ಹಾಕಿದ ಗೆರೆಗಳಲ್ಲ ಅವು. ಸೃಷ್ಟಿಯ ಏಳನೆಯ ದಿನ ಆದಿಕಾಂಡ 2ರ ಮೊದಲ ಮೂರು ವಚನಗಳಲ್ಲಿದೆ. ಒಂದನೇ ಅಧ್ಯಾಯಕ್ಕೇ ಪುಸ್ತಕ ಮುಚ್ಚಿದವನ ವಾರಕ್ಕೆ ವಿಶ್ರಾಂತಿ ಸಿಗುವುದಿಲ್ಲ. ಆ ಅಧಿಕಾರಿ ಓದುತ್ತಿದ್ದ ಯೆಶಾಯ 53ರ ಹಾಡು ನಿಜಕ್ಕೂ ಶುರುವಾಗುವುದು 52:13ರಲ್ಲಿ.

ವಾಟ್ಸ್‌ಆ್ಯಪ್ಪಿನಲ್ಲಿ ಬೆಳಿಗ್ಗೆ ಬರುವ ಹೂವಿನ ಚಿತ್ರದ ವಚನವನ್ನು ಓದು ಎಂದು ಎಣಿಸಿಕೊಂಡಿದ್ದರೆ ಅದೂ ಒಂದು ದೋಷವೇ. ಯೆರೆಮೀಯ 29:11 ಎಷ್ಟು ಸಲ ಬಂದಿದೆ ನಿಮ್ಮ ಮೊಬೈಲಿಗೆ? ನಿಮಗೆ ಹಿತವನ್ನೇ ಯೋಚಿಸಿದ್ದೇನೆ ಎಂಬ ಮಾತು. ಅದರ ಹಿಂದಿನ ವಚನವನ್ನು ಓದಿ: ಎಪ್ಪತ್ತು ವರ್ಷ ಕಳೆದ ಮೇಲೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳನ್ನು ಪಡೆಯಿರಿ ಎನ್ನುತ್ತದೆ. ಕೇಳಿದವರಲ್ಲಿ ಹಲವರು ಅಲ್ಲೇ ಕಣ್ಣು ಮುಚ್ಚಿದರು. ಇಷ್ಟು ತಿಳಿದ ಮೇಲೆ ಹನ್ನೊಂದನೇ ವಚನದ ಭರವಸೆ ನನಗೆ ಕಡಿಮೆಯಾಗಲಿಲ್ಲ, ಇನ್ನೂ ಗಟ್ಟಿಯಾಯಿತು. ಚಿತ್ರದಲ್ಲಿ ಆ ಗಟ್ಟಿತನ ಇರುವುದಿಲ್ಲ.

ಓದಿದ ಮೇಲೆ ಒಂದು ಸಾಲು ಬರೆಯಿರಿ, ಹಾಲಿನ ಲೆಕ್ಕದ ಪುಸ್ತಕದಲ್ಲಾದರೂ ಸರಿ. ಓದುವ ಒಬ್ಬ ಗೆಳೆಯ ಇರಲಿ. ನೂರು ಜನರ ಗ್ರೂಪಿನಲ್ಲಿ ನೀವು ಓದದಿದ್ದುದು ಯಾರಿಗೂ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಫೋನು ಮಾಡಿ "ಎಲ್ಲಿದ್ದೀಯ?" ಎಂದು ಕೇಳುವ ಒಬ್ಬನಿಗೆ ತಿಳಿಯುತ್ತದೆ.

ಓದಲೇ ಆಗದ ದಿನಗಳು

ಸಾವು ಕಂಡ ಮನೆಯಲ್ಲಿ, ಮನಸ್ಸು ಕುಸಿದವರಲ್ಲಿ ಮೇಲಿನ ಯಾವ ತಪಾಸಣೆಯೂ ಬೇಡ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸತ್ತರೆ ಸಾಕು ಎಂದು ಗಿಡದ ಕೆಳಗೆ ಮಲಗಿದಾಗ ದೂತ ಬಂದು ಬೈಯಲಿಲ್ಲ, ಉಪದೇಶ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ. ಅಂಥವರಿಗೆ ಊಟ ಕೊಡಿ, ನಿದ್ದೆ ಮಾಡಲು ಬಿಡಿ, ಬೇಕಾದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಕೇಳಲು ಮನಸ್ಸಾದರೆ ಪಕ್ಕದಲ್ಲಿ ಕೂತು ನೀವೇ ಓದಿ. 88ನೇ ಕೀರ್ತನೆಯನ್ನೂ ಓದಬಹುದು. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಕೊನೆಯ ಸಾಲು ಇಲ್ಲ. ದುಃಖದಲ್ಲಿರುವವರು ಅದನ್ನು ಕೇಳಿ "ಇದೂ ಇದೆಯಾ ಬೈಬಲಿನಲ್ಲಿ?" ಎಂದು ಕೇಳಿದ್ದಾರೆ. ನನ್ನ ತಾಯಿಯ ಕಣ್ಣು ಮಂಜಾದ ಮೇಲೆ ಅವರ ದಿನದ ಓದು ನನ್ನ ಬಾಯಲ್ಲೇ ನಡೆಯುತ್ತಿತ್ತು. ಅದನ್ನು ಅವರ ಓದು ನಿಂತಿತು ಎಂದು ನಾನು ಎಂದೂ ಎಣಿಸಲಿಲ್ಲ.

ಸರಿಪಡಿಸಿದ ಮೇಲೆ

ಮೋಟಾರು ಇಳಿಸಿದ ಮೇಲೆ ಒಂದು ದಿನ ಓಡಿಸಿ ನೋಡುವಂತೆ ಇಲ್ಲೂ ಒಂದು ಓಟ ಬೇಕು. ಇವತ್ತೇ ರಿಬ್ಬನ್ನನ್ನು ಯಾಜಕಕಾಂಡದಿಂದ ತೆಗೆದು ಮಾರ್ಕ 1ಕ್ಕೆ ಹಾಕಿ. ದಿನಕ್ಕೆ ಒಂದೇ ಅಧ್ಯಾಯ, ಗಟ್ಟಿಯಾಗಿ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ರುಚಿ ಹತ್ತಿ ಎರಡನೆಯದು ಓದಬೇಕೆನಿಸಿದರೂ ಈ 16 ದಿನ ಒಂದಕ್ಕೇ ನಿಲ್ಲಿಸಿ. ನಡುವೆ ಒಂದು ದಿನ ತಪ್ಪಿದರೆ ಮರುದಿನ ಒಂದೇ ಓದಿ, ಎರಡಲ್ಲ. 17ನೆಯ ದಿನ ಬೆಳಿಗ್ಗೆ ನೋಡಿ. ರಿಬ್ಬನ್ 16ನೇ ಅಧ್ಯಾಯದಲ್ಲಿದ್ದರೆ ಆದಿಕಾಂಡಕ್ಕೆ ಹೋಗಿ. ಏಳರಲ್ಲೋ ಎಂಟರಲ್ಲೋ ನಿಂತಿದ್ದರೆ ತಲೆ ತಗ್ಗಿಸಬೇಡಿ, ಯಾವ ಪುಟ, ಯಾವ ದಿನ, ಆ ದಿನ ಏನಾಗಿತ್ತು ಎಂದು ಮತ್ತೆ ಅಲ್ಲಿಂದಲೇ ಶುರು ಮಾಡಿ.